ಹುಳುಮನೆಯಲ್ಲಿ ಇನ್ನೂರು ಮರಿಗಳು

ಹದಿನೆಂಟನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಮರಿಯ ಬಾಲದ ಬುಡದಲ್ಲಿ ರಕ್ತ ಕಂಡಿತು. ಸಾಸಿವೆ ಕಾಳಿನಷ್ಟು ಚುಕ್ಕೆ. ಬಿಳಿ ಲೆಗಾರ್ನ್ ಜಾತಿಯ ಮರಿಗಳಾದ್ದರಿಂದ ಬಾಗಿಲಲ್ಲಿ ನಿಂತ ನನಗೂ ಅದು ಎದ್ದು ಕಾಣುತ್ತಿತ್ತು. ನನಗೆ ಕಂಡದ್ದು ಉಳಿದ ಮರಿಗಳಿಗೂ ಕಂಡಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಮೂರು ಮರಿಗಳು ಅದನ್ನು ಅಟ್ಟಿಸಿಕೊಂಡು ಗೋಡೆಗುಂಟ ಓಡುತ್ತಿದ್ದವು. ಮೂರು ಐದಾದವು. ಓಡಿ ಹೋಗಿ ಹಿಡಿದು ಸೆರಗಿನಲ್ಲಿ ಮುಚ್ಚಿಕೊಂಡೆ. ಸೆರಗಿನೊಳಗೆ ಅದರ ಎದೆ ಹೊಡೆದುಕೊಳ್ಳುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ನಾನು ಧಾರವಾಡದ ಕಡೆಯವಳು. ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದ ಅಣ್ಣನ ಕ್ವಾರ್ಟರ್ಸಿನಲ್ಲಿ ಇದ್ದುಕೊಂಡು, ಹೆಬ್ಬಾಳದಲ್ಲಿ ಮೂರು ತಿಂಗಳು ಕೋಳಿ ಸಾಕಣೆಯ ತರಬೇತಿ ಪಡೆದಿದ್ದೆ. ಚಿಕ್ಕಜಾಲದಿಂದ ಎರಡು ಮೈಲಿ ಒಳಗಿದ್ದ ಹಳ್ಳಿಯೊಂದರ ಮಹಿಳಾ ಮಂಡಳಿಯವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಒಂದು ದಿನದ ಮರಿಗಳನ್ನು ತರಿಸಿ, ಎಂಟು ವಾರ ಒಂದೇ ಕಡೆ ಬೆಳೆಸಿ, ಆಮೇಲೆ ಹದಿನಾರು ಸದಸ್ಯೆಯರಿಗೆ ಹಿತ್ತಲಲ್ಲಿ ಸಾಕಲು ಹಂಚುವುದು ಯೋಜನೆ. ಬೆಳೆಸುವುದು ನನ್ನ ಪಾಲಿನ ಕೆಲಸ. ಹಂಚುವ ದಿನ ಅಧಿಕಾರಿಗಳು ಬರುವುದು, ಫೋಟೋ ತೆಗೆಯುವುದು ಎಲ್ಲ ಮೊದಲೇ ಗೊತ್ತಾಗಿತ್ತು. ಮರಿ ಬಂದದ್ದು ಇನ್ನೂರು. ಮೊದಲ ವಾರ ಎಂಟು ಸತ್ತವು; ಅದು ಎಲ್ಲ ಕಡೆಯೂ ಆಗುವಂಥದ್ದೇ. ಉಳಿದ ನೂರ ತೊಂಬತ್ತೆರಡನ್ನು ಮನೆಗೆ ಹನ್ನೆರಡರಂತೆ ಕೊಟ್ಟರೆ ಸರಿಯಾಗುತ್ತದೆ ಎಂದು ಮಂಡಳಿಯ ಅಧ್ಯಕ್ಷೆ ಖುಷಿಯಾಗಿದ್ದರು.

ಮರಿಗಳಿದ್ದದ್ದು ಅಧ್ಯಕ್ಷೆಯ ಮನೆಯ ಹಿಂದಿನ ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ, ಹತ್ತು ಅಡಿಗೆ ಹನ್ನೆರಡು ಅಡಿ. ಹಳೆಯ ಬಿದಿರು ತಟ್ಟೆಗಳನ್ನು ಒಂದು ಮೂಲೆಗೆ ಒಟ್ಟಿ, ನೆಲಕ್ಕೆ ಕಡಲೆಕಾಯಿ ಸಿಪ್ಪೆ ಹಾಸಿ, ನಡುವೆ ಒಂದು ಮಂಕರಿ ಬುಟ್ಟಿ ಬೋರಲು ಹಾಕಿ ಅದರೊಳಗೆ ಕಾವಿಗೆ ಬಲ್ಬು ಇಳಿಬಿಟ್ಟಿದ್ದೆವು. ಅಧ್ಯಕ್ಷೆಗೆ ನಲವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು, ಮನೆಯ ಯಜಮಾನಿಕೆ ಮೈದುನನದು. ಅವನು ಆ ಅಂಗಳದಲ್ಲಿ ಓಡಾಡುವಾಗ ಹುಳುಮನೆಯ ಕಡೆ ನೋಡುತ್ತಿರಲಿಲ್ಲ. ಅದು ಯಾಕೆಂದು ನಾನು ಕೇಳಲಿಲ್ಲ.

ಮೊದಲ ಗಾಯಕ್ಕೆ ಪುಸ್ತಕದಲ್ಲಿದ್ದದ್ದನ್ನೆಲ್ಲ ಮಾಡಿದೆ. ಆ ಮರಿಯನ್ನು ಬೇರೆ ಬುಟ್ಟಿಗೆ ಹಾಕಿ, ಗಾಯಕ್ಕೆ ನೇರಳೆ ಬಣ್ಣದ ಔಷಧ ಹಚ್ಚಿದೆ. ಅದರಿಂದ ಗಾಯ ಮಾಯುವುದಕ್ಕಿಂತ ಕೆಂಪು ಮುಚ್ಚುವುದು ಮುಖ್ಯ. ಆ ವಯಸ್ಸಿಗೆ ಬಾಲದಲ್ಲಿ ಹೊಸ ಗರಿ ಮೊಳೆಯುತ್ತದೆ, ಅದರ ದಂಟಿನ ತುಂಬ ರಕ್ತವಿರುತ್ತದೆ. ಯಾವುದೋ ಮರಿ ಸುಮ್ಮನೆ ಕುಕ್ಕಿ ನೋಡಿದರೂ ಸಾಕು, ರುಚಿ ಹತ್ತುತ್ತದೆ. ಮೇವಿನಲ್ಲಿ ಉಪ್ಪು ಕಡಿಮೆಯಿದ್ದರೂ ಹೀಗಾಗುತ್ತದೆಂದು ಕಲಿತಿದ್ದೆ, ಹಾಗಾಗಿ ಒಂದು ಹೊತ್ತಿನ ನೀರಿಗೆ ಚಿಟಿಕೆ ಉಪ್ಪು ಹಾಕಿದೆ. ಆಮೇಲೆ ಕುಕ್ಕುತ್ತಿದ್ದ ಮರಿಗಳಲ್ಲಿ ಮುಂದಾಳು ಯಾವುದೆಂದು ಹುಡುಕಿದೆ. ಜುಟ್ಟಿನ ತುದಿ ಒಂದು ಕಡೆಗೆ ವಾಲಿದ ದಪ್ಪ ಹುಂಜದ ಮರಿ. ಅದನ್ನೂ ಹಿಡಿದು ಬೇರೆ ಇಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ.

ಮಾರನೆಯ ದಿನ ಅದರ ಜಾಗಕ್ಕೆ ಇನ್ನೆರಡು ಬಂದಿದ್ದವು. ಅವನ್ನೂ ತೆಗೆದೆ. ಮೂರನೆಯ ದಿನ, ಗಾಯ ಒಣಗಿದ ಮರಿಯನ್ನು ಮತ್ತೆ ಗುಂಪಿಗೆ ಬಿಟ್ಟೆ. ಎರಡೇ ದಿನ ಹೊರಗಿದ್ದದ್ದಕ್ಕೆ ಅದು ಅವುಗಳಿಗೆ ಗುರುತೇ ಸಿಗದ ಹೊರಗಿನದಾಗಿತ್ತು. ನಾನು ಮೇವಿನ ಚೀಲ ಬಿಚ್ಚಲು ತಿರುಗಿದ ಹೊತ್ತಿನಲ್ಲಿ ಅದನ್ನು ಮೂಲೆಗೆ ಒತ್ತಿ ಕೊಂದುಬಿಟ್ಟವು. ಅದು ಸತ್ತ ರೀತಿಯನ್ನು ಬರೆಯುವುದಿಲ್ಲ. ಮರಿಗಳು ಬಾಲದಿಂದ ಶುರು ಮಾಡಿ ಅಲ್ಲಿಗೇ ನಿಲ್ಲಿಸುವುದಿಲ್ಲ ಎಂದಷ್ಟೇ ಹೇಳಬಹುದು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಜಾಲಹಳ್ಳಿಯಿಂದ ಯಲಹಂಕಕ್ಕೆ ಒಂದು ಬಸ್ಸು, ಅಲ್ಲಿಂದ ಚಿಕ್ಕಜಾಲಕ್ಕೆ ಇನ್ನೊಂದು, ಆಮೇಲೆ ಎರಡು ಮೈಲಿ ನಡಿಗೆ. ಯಲಹಂಕದಲ್ಲಿ ಬಸ್ಸು ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಕೆಂಪು ಕುಂಕುಮದ ಡಬ್ಬಿ ತೆರೆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಭಾನುವಾರ ನನಗೆ ರಜೆ. ನೀರು ಮೇವು ಅಧ್ಯಕ್ಷೆ ನೋಡಿಕೊಳ್ಳುತ್ತಿದ್ದರು. ಆದರೂ ಅತ್ತಿಗೆ ಬಡಿಸಿದ ಊಟ ಅರ್ಧಕ್ಕೆ ಬಿಟ್ಟು ಎರಡು ಭಾನುವಾರ ಮಧ್ಯಾಹ್ನ ಹೊರಟುಬಿಟ್ಟೆ. ಹೋಗಿ ಮಾಡುವುದೇನೂ ಇರುತ್ತಿರಲಿಲ್ಲ. ಸತ್ತವನ್ನು ಎತ್ತಿ ಹೂಳುವುದು, ಗಾಯಗೊಂಡವಕ್ಕೆ ಬಣ್ಣ ಹಚ್ಚುವುದು, ಅಷ್ಟೇ.

ಹೀಗೆ ಕುಕ್ಕಿಸಿಕೊಂಡು ಸತ್ತ ಮರಿಗಳ ಸಂಖ್ಯೆ ಎಂಟಾದಾಗ ಅಧ್ಯಕ್ಷೆ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. ಮೆಲ್ಲಗೆ ಹೇಳಿದರು: "ಏನಾದ್ರೂ ಮಾಡಮ್ಮ. ಆದ್ರೆ ಈಚೆಗೆ ಮಾತ್ರ ಗೊತ್ತಾಗ್ಬಾರ್ದು. ಈ ರೂಮ್ನ ನಾನು ಎಂಗೆ ಇಸ್ಕೊಂಡಿದೀನಿ ಅಂತ ನಿಂಗೊತ್ತಿಲ್ಲ."

ಆಗಲಾದರೂ ಕೇಳಬೇಕಿತ್ತು. ನನ್ನ ಗಮನ ಅವರ ಕಾಲಿನ ಹತ್ತಿರ ಕುಕ್ಕಿಸಿಕೊಳ್ಳುತ್ತಿದ್ದ ಒಂದು ಮರಿಯ ಮೇಲಿತ್ತು.

ಪಶುವೈದ್ಯರು ಗುರುವಾರಗಳಂದು ಸ್ಕೂಟರಿನಲ್ಲಿ ಬರುತ್ತಿದ್ದರು. ಅವರು ನೋಡಿ, ಕೊಕ್ಕು ಕತ್ತರಿಸುವುದೇ ದಾರಿ ಎಂದರು. ತರಬೇತಿಯಲ್ಲಿ ಅದನ್ನು ವಿದ್ಯುತ್ ಯಂತ್ರದಲ್ಲಿ ಮಾಡಿದ್ದೆವು. ಇಲ್ಲಿ ಯಂತ್ರವಿರಲಿಲ್ಲ. ಇದ್ದಿಲ ಒಲೆಯಲ್ಲಿ ಕಬ್ಬಿಣದ ಅಲಗು ಕಾಯಿಸಿ ಮಾಡಬೇಕು. ಅವರೇ ನಿಂತು ಎರಡು ಮರಿಗಳಿಗೆ ಮಾಡಿ ತೋರಿಸಿ ಹೋದರು.

ಮರಿಯನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳನ್ನು ತಲೆಯ ಹಿಂದೆ, ತೋರುಬೆರಳನ್ನು ಗಂಟಲ ಕೆಳಗೆ ಇಟ್ಟು ಸ್ವಲ್ಪ ಒತ್ತಬೇಕು. ಆಗ ಅದು ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೇಲಿನ ಕೊಕ್ಕಿನ ಮೂರರಲ್ಲಿ ಒಂದು ಭಾಗಕ್ಕೆ ಕೆಂಪಗೆ ಕಾದ ಅಲಗು ಇಟ್ಟು ಕತ್ತರಿಸಿ, ಎರಡು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಬೇಕು, ರಕ್ತ ಅಲ್ಲೇ ಸುಟ್ಟು ನಿಲ್ಲುತ್ತದೆ. ಕಡಿಮೆ ಹಿಡಿದರೆ ರಕ್ತ ಬರುತ್ತದೆ, ಹೆಚ್ಚು ಹಿಡಿದರೆ ಮರಿ ಮೇವು ಬಿಡುತ್ತದೆ. ಸುಟ್ಟ ಕೂದಲಿನಂಥ ವಾಸನೆ. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಮಧ್ಯಾಹ್ನದ ಹೊತ್ತಿಗೆ ಅರವತ್ತು ಮುಗಿಸಿದ್ದೆ. ಅರವತ್ತೊಂದನೆಯದರ ಹೊತ್ತಿಗೆ ಅಲಗು ಆರಿತ್ತೋ, ನಾನು ಓರೆಯಾಗಿ ಇಟ್ಟೆನೋ, ಕೊಕ್ಕು ಕತ್ತರಿಸುವ ಬದಲು ಸೀಳಿತು. ಒತ್ತಿ ಹಿಡಿದಷ್ಟೂ ರಕ್ತ ಬಂತು. ಅದು ನನ್ನ ಅಂಗೈಯಲ್ಲೇ ಸತ್ತಿತು. ಎದ್ದು ತೊಟ್ಟಿಯಲ್ಲಿ ಕೈ ತೊಳೆದುಕೊಂಡೆ. ಮತ್ತೆ ಹೋಗಿ ಕೂರಲು ಆಗಲಿಲ್ಲ.

ಅಲ್ಲಿ ನಾನು ಮಾಡಿದ ತಪ್ಪು ನಿಲ್ಲಿಸಿದ್ದಲ್ಲ. ಕೊಕ್ಕು ಸುಟ್ಟ ಅರವತ್ತನ್ನು ಸುಡದ ಉಳಿದವುಗಳ ಜೊತೆ ಅದೇ ಕೋಣೆಯಲ್ಲಿ ಬಿಟ್ಟದ್ದು. ಸುಟ್ಟವಕ್ಕೆ ಎರಡು ದಿನ ಕೊಕ್ಕು ನೋಯುತ್ತದೆ. ತಿರುಗಿ ಕುಕ್ಕಲಾರವು, ಮೇವಿನ ತೊಟ್ಟಿಯ ತಳಕ್ಕೆ ಕೊಕ್ಕು ತಾಗಿದರೆ ಹಿಂದೆ ಸರಿಯುತ್ತವೆ. ಉಳಿದವಕ್ಕೆ ಅದು ಗೊತ್ತಾಗಲು ಒಂದು ಗಂಟೆಯೂ ಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ಸತ್ತ ಆರರಲ್ಲಿ ಐದು ನಾನು ಕೊಕ್ಕು ಸುಟ್ಟವು. ತಟ್ಟೆಗಳನ್ನು ಅಡ್ಡಗಟ್ಟಿ ಕೋಣೆಯನ್ನು ಎರಡು ಮಾಡಿದೆ. ಇದ್ದ ಜಾಗ ಇನ್ನೂ ಇಕ್ಕಟ್ಟಾಯಿತು.

ಸದಸ್ಯೆಯರಲ್ಲಿ ಒಬ್ಬಾಕೆ ಮುದುಕಿ. ಮನೆಯಲ್ಲಿ ನಾಟಿ ಕೋಳಿ ಸಾಕಿಕೊಂಡಿದ್ದರು. ಹೊರಗೆ ಗೊತ್ತಾಗಬಾರದೆಂದು ಅಧ್ಯಕ್ಷೆ ಹೇಳಿದ್ದರೂ ಆಕೆಗೆ ಹೇಗೋ ಗೊತ್ತಾಗಿತ್ತು. ಒಂದು ದಿನ ಬಂದು ಹೊಸ್ತಿಲ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಅರ್ಧ ಗಂಟೆ ಸುಮ್ಮನೆ ನೋಡಿದರು. ಹಾಗೆ ಅರ್ಧ ಗಂಟೆ ಸುಮ್ಮನೆ ಕೂತು ನೋಡುವುದು ಅಲ್ಲಿಯವರೆಗೆ ನನ್ನಿಂದ ಆಗಿರಲಿಲ್ಲ.

"ಅವ್ಕೆ ಕಾಲ್ಗೆ ಕೆಲ್ಸ ಇಲ್ಲ ಕಣವ್ವ," ಎಂದರು. "ತಾಯಿ ಇಂದೆ ಓಗೋ ಮರಿ ದಿನಾ ಪೂರ್ತಿ ಕೆರೀತಾ ಇರ್ತದೆ. ಇವು ಉಂಡು ನಿಂತ್ಕಂಡು ಒಂದ್ರ ಮೊಕ ಒಂದು ನೋಡ್ತವೆ. ಇನ್ನೇನ್ ಮಾಡ್ತವೆ?"

ನಾನು ಅಂದೇ ಬೇಲಿಯಿಂದ ನುಗ್ಗೆ ಸೊಪ್ಪು ಕಿತ್ತು ಕಟ್ಟುಗಳು ಮಾಡಿ, ಮರಿ ಕತ್ತು ಚಾಚಿದರೆ ಸಿಗುವಷ್ಟು ಎತ್ತರಕ್ಕೆ ತೂಗುಹಾಕಿದೆ. ತೊಟ್ಟಿಯ ಮೇವು ಕಡಿಮೆ ಮಾಡಿ, ಸಿಪ್ಪೆಯ ಹಾಸಿನೊಳಗೆ ರಾಗಿ ಚೆಲ್ಲಿ ಕೆದಕಿಕೊಂಡು ತಿನ್ನಲಿ ಎಂದು ಬಿಟ್ಟೆ. ಬಲ್ಬಿಗೆ ಕೆಂಪು ಬಣ್ಣ ಬಳಿದೆ. ಕೆಂಪು ಬೆಳಕಿನಲ್ಲಿ ರಕ್ತ ಬೇರೆಯಾಗಿ ಕಾಣುವುದಿಲ್ಲ. ಆ ಮುದುಕಿ ಕೂತಿದ್ದಲ್ಲೇ ನಾನೂ ಕೂತು ನೋಡಿದೆ. ಕಿಟಕಿಯ ಗೋಣಿಯ ಸಂದಿಯಿಂದ ಒಂದು ಬಿಸಿಲ ಕೋಲು ನೆಲದ ಮೇಲೆ ಬೀಳುತ್ತಿತ್ತು. ಅದು ಸರಿದಂತೆ ಕುಕ್ಕುವುದೂ ಸರಿಯುತ್ತಿತ್ತು, ಬಿಸಿಲು ಬಿದ್ದ ಮರಿಯ ಮೇಲೇ ಉಳಿದವು ಹೋಗುತ್ತಿದ್ದವು. ಇನ್ನೊಂದು ಗೋಣಿ ಹೊಡೆದು ಆ ಸಂದಿ ಮುಚ್ಚಿದೆ.

ಮೂರು ದಿನ ಒಂದೂ ಸಾಯಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರಲು ಸಾಧ್ಯವಾಯಿತು.

ನಾಲ್ಕನೆಯ ದಿನ ಮತ್ತೆ ಎರಡು ಸತ್ತವು. ಅಂದು ಹಗ್ಗ ತಂದು ಕೋಣೆಯನ್ನು ಅಳೆದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ. ತಟ್ಟೆ, ಚೀಲ, ತೊಟ್ಟಿ ಕಳೆದು ಉಳಿದ ನೆಲವನ್ನು ಮರಿಗಳಿಗೆ ಭಾಗಿಸಿದರೆ ಒಂದೊಂದಕ್ಕೆ ಅರ್ಧ ಚದರಡಿ ಸಿಗುತ್ತಿತ್ತು. ಮರಿಗಳು ದಿನದಿಂದ ದಿನಕ್ಕೆ ದೊಡ್ಡವಾಗುತ್ತಿದ್ದವು. ನೆಲ ದೊಡ್ಡದಾಗುವಂತಿರಲಿಲ್ಲ. ಸೊಪ್ಪು, ಬಣ್ಣ, ಅಲಗು ಯಾವುದರಿಂದಲೂ ಎಂಟು ವಾರ ಮುಟ್ಟುವುದಿಲ್ಲ ಎಂದು ನನಗೆ ಆ ಹಗ್ಗ ಹಿಡಿದು ನಿಂತಾಗ ಖಚಿತವಾಯಿತು.

ಅಧ್ಯಕ್ಷೆಗೆ ಹೇಳಿದೆ. "ಅಕ್ಕಾರ, ಎಂಟು ವಾರದ ತನಕಾ ಇವು ಇಲ್ಲಿ ಉಳ್ಯಾಂಗಿಲ್ರಿ. ಈಗ ಹಂಚಿಬಿಡೂಣು."

ಆಗದು ಎಂದರು. ಅಧಿಕಾರಿಗಳಿಗೆ ತೋರಿಸುವ ಮೊದಲು ಒಂದು ಮರಿಯೂ ಕೋಣೆ ಬಿಟ್ಟು ಹೋಗಕೂಡದು ಎಂದರು. ಗುರುವಾರ ವೈದ್ಯರನ್ನು ಕೇಳಿದೆ. ಅವರು ಸ್ಕೂಟರಿನ ಮೇಲೆ ಕೂತೇ ಯೋಚಿಸಿದರು.

"ನೋಡಮ್ಮ, ಐದು ವಾರಕ್ಕೆ ಹಂಚು ಅಂತ ನಾನು ಹೇಳಲ್ಲ. ಬೇಡ ಅಂತಾನೂ ಹೇಳಲ್ಲ. ಹಂಚಿದ್ರೆ ರಾಣಿಖೇತ್ ರೋಗದ ಎರಡನೇ ಚುಚ್ಚುಮದ್ದು ನೀನೇ ಮನೆಮನೆಗೆ ಹೋಗಿ ಹಾಕ್ಬೇಕಾಗತ್ತೆ. ಒಂದು ಮನೆ ಬಿಟ್ರೂ ಊರಿಗೇ ಬರತ್ತೆ ಅದು."

ಮೂವತ್ತನಾಲ್ಕನೆಯ ದಿನ ಅಧ್ಯಕ್ಷೆ ದೊಡ್ಡಬಳ್ಳಾಪುರಕ್ಕೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಸಂಜೆಯ ಬಸ್ಸಿಗೆ ಬರುವವರಿದ್ದರು. ನಾನು ಬಾಗಿಲು ತೆಗೆದಾಗ ಐದು ಸತ್ತು ಬಿದ್ದಿದ್ದವು. ಆರನೆಯದು ಇನ್ನೂ ನಿಂತಿತ್ತು, ಉಳಿದವು ಅದರ ಮೇಲಿದ್ದವು. ಹೊರಗೆ ಬಂದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಆಮೇಲೆ ನಾಲ್ಕು ಮನೆಗೆ ಹೋಗಿ, ಮಂಕರಿ ತಗೊಂಡು ಬನ್ನಿ, ಉಳಿದವರಿಗೂ ಹೇಳಿ ಎಂದೆ.

ಮಧ್ಯಾಹ್ನ ಎರಡಕ್ಕೆ ಹದಿನಾರು ಜನವೂ ಬಂದರು. ಬಾಗಿಲು ಪೂರ್ತಿ ತೆರೆದು ಒಳಗೆ ಕರೆದೆ. ಸತ್ತವನ್ನು ಎತ್ತಿರಲಿಲ್ಲ. ಗಾಯದವನ್ನು ಮುಚ್ಚಿರಲಿಲ್ಲ. ಒಬ್ಬಾಕೆ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಇನ್ನೊಬ್ಬಾಕೆ, ಓದಿದವಳು ಸಾಕುತ್ತಾಳೆಂದು ನಂಬಿ ಕೊಟ್ಟಿದ್ದಕ್ಕೆ ಇದೇನು ಮಾಡಿಟ್ಟಿದ್ದೀ ಎಂದು ಕೇಳಿದರು. ಹೇಗಾಯಿತು, ನಾನೇನು ಮಾಡಿದೆ, ಯಾವುದು ತಪ್ಪಾಯಿತು ಎಂದು ಮೊದಲಿನಿಂದ ಹೇಳಿದೆ. ಕೊಕ್ಕು ಸುಟ್ಟದ್ದನ್ನೂ ಹೇಳಿದೆ.

ಉಳಿದಿದ್ದದ್ದು ನೂರ ಅರವತ್ತೊಂದು. ಕೊಕ್ಕು ಸುಟ್ಟವನ್ನು ಸುಟ್ಟವುಗಳ ಜೊತೆಗೇ ಕೊಡಬೇಕು, ಎರಡನ್ನೂ ಬೆರೆಸಬಾರದು. ಒಟ್ಟಿಗೆ ಮಲಗುವ ಮರಿಗಳನ್ನು ಒಟ್ಟಿಗೇ ಹಿಡಿಯಬೇಕು. ಹಾಗೆ ಹತ್ತು ಹತ್ತರಂತೆ ಹಿಡಿದು ಕೊಡುತ್ತ ಹೋದೆ. ಮನೆಗೆ ಹೋಗಿ ಒಂದು ವಾರ ಹಗ್ಗದ ಮಂಚದ ಸುತ್ತ ಗೋಣಿ ಕಟ್ಟಿ ಅದರ ಕೆಳಗೆ ಕೂಡಿ, ಆಮೇಲೆ ದಿನಕ್ಕೊಂದಿಷ್ಟು ಹೊತ್ತು ಹಿತ್ತಲಿಗೆ ಬಿಡಿ, ದೊಡ್ಡ ಕೋಳಿಗಳ ಜೊತೆ ಈಗಲೇ ಬೆರೆಸಬೇಡಿ ಎಂದು ಹದಿನೈದು ಸಲ ಹೇಳಿದೆ. ಕೊನೆಗೆ ಉಳಿದದ್ದು ಗಾಯಗೊಂಡ ಹನ್ನೊಂದು, ಮತ್ತು ಆ ಮುದುಕಿ. ಆಕೆ ಬೇಕೆಂದೇ ಹಿಂದೆ ನಿಂತಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಏನೋ ಹೇಳಲು ಹೋದೆ. ಆಕೆ ಕೇಳಿಸಿಕೊಳ್ಳದೆ ಹನ್ನೊಂದನ್ನೂ ತಮ್ಮ ಮಂಕರಿಗೆ ತುಂಬಿ, ಮೇಲೆ ಒದ್ದೆ ಗೋಣಿ ಮುಚ್ಚಿಕೊಂಡು ಹೊರಟರು.

ಸಂಜೆ ಆರಕ್ಕೆ ಅಧ್ಯಕ್ಷೆ ಬಂದರು. ನಾನು ನನ್ನ ಬಸ್ಸು ಬಿಟ್ಟು ಕಾಯುತ್ತಿದ್ದೆ. ಗೃಹಪ್ರವೇಶದ ರೇಷ್ಮೆ ಸೀರೆಯಲ್ಲೇ ಹುಳುಮನೆಯ ಬಾಗಿಲಿಗೆ ಬಂದು ಒಳಗೆ ನೋಡಿದರು. ಖಾಲಿ ಕೋಣೆ, ಕೆಂಪು ಬಲ್ಬು ಉರಿಯುತ್ತಿತ್ತು. ಅವರು ಕೂಗಾಡುತ್ತಾರೆಂದು ನಾನು ಸಿದ್ಧಳಾಗಿದ್ದೆ.

"ನನ್ನ ಕೇಳಿದ್ರೆ ಬೇಡ ಅಂತಿದ್ದೆ," ಎಂದರು. "ಅದ್ಕೇ ಕೇಳ್ಲಿಲ್ಲ. ಅಲ್ವಾ?"

"ಹೌದ್ರಿ," ಎಂದೆ.

ಅವರು ಬಲ್ಬು ಆರಿಸಿ ಒಳಗೆ ಹೋದರು.

ಮೂರನೆಯ ದಿನ ಹುಳುಮನೆಗೆ ಬೀಗ ಬಿದ್ದಿತ್ತು, ಮೈದುನನ ಬೀಗ. ಆಗ ವಿಷಯ ಗೊತ್ತಾಯಿತು. ಅಧಿಕಾರಿಗಳು ಬಂದು ನೋಡಿದ ಮೇಲೆ ಆ ಕೋಣೆಯನ್ನು ಮಂಡಳಿಗೇ ಬಿಟ್ಟುಕೊಡುವುದಾಗಿ ಅವನು ನಾಲ್ಕು ಜನರ ಮುಂದೆ ಒಪ್ಪಿದ್ದನಂತೆ. ಅಲ್ಲಿಯವರೆಗೆ ಅದರಲ್ಲಿ ಕೆಲಸ ನಡೆಯುತ್ತಿರಬೇಕು ಎಂಬುದು ಷರತ್ತು. ಆ ಮನೆಯಲ್ಲಿ ಗಂಡ ಹೋದ ಮೇಲೆ ಆಕೆ ತನ್ನದೆಂದು ಕೇಳಿ ಪಡೆದದ್ದು ಅದೊಂದೇ ಕೋಣೆ. ಮರಿಗಳೇ ಇಲ್ಲದ ಮೇಲೆ ಷರತ್ತು ಮುರಿಯಿತು. ಮುರಿದವಳು ನಾನು.

ಆರು ವಾರ ತುಂಬಿದಾಗ ಚುಚ್ಚುಮದ್ದಿನ ದಿನ ಬಂತು. ಔಷಧವನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ಹೆಬ್ಬಾಳದಿಂದ ತಂದೆ. ಒಮ್ಮೆ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಸತ್ತ ನೀರು. ಹದಿನಾರು ಮನೆ, ಹಿತ್ತಲಲ್ಲಿ ಚದುರಿದ ಮರಿಗಳು, ಹಿಡಿಯಲು ಒಬ್ಬರು ಚುಚ್ಚಲು ಒಬ್ಬರು ಬೇಕು. ನನ್ನ ಜೊತೆ ಯಾರೂ ಇರಲಿಲ್ಲ. ಮೊದಲ ಮನೆಯ ಅಂಗಳದಲ್ಲಿ ಔಷಧ ಕಲಸುತ್ತಿದ್ದಾಗ ಅಧ್ಯಕ್ಷೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಮರಿಯನ್ನು ಹಿಡಿದು ರೆಕ್ಕೆ ಬಿಡಿಸಿ ನನ್ನ ಮುಂದೆ ಹಿಡಿದರು. ಹದಿನಾರು ಮನೆಗೂ ಹಾಗೇ ಬಂದರು. ಓಡುತ್ತ ನಡೆದೆವು. ಹದ್ದು ಎತ್ತಿದ್ದು, ಬೆಕ್ಕು ಹಿಡಿದದ್ದು ಸೇರಿ ಹದಿನೇಳು ಮರಿಗಳು ಹೋಗಿದ್ದವು. ಕುಕ್ಕಿಸಿಕೊಂಡು ಸತ್ತದ್ದು ಒಂದೂ ಇರಲಿಲ್ಲ. ಮುದುಕಿಯ ಹಿತ್ತಲಲ್ಲಿ ಹನ್ನೊಂದರಲ್ಲಿ ಎಂಟು ಉಳಿದಿದ್ದವು, ಗೊಬ್ಬರದ ಗುಂಡಿ ಕೆರೆಯುತ್ತಿದ್ದವು.

ಎಂಟನೆಯ ವಾರ ಅಧಿಕಾರಿಗಳ ಜೀಪು ಬಂತು. ಬೀಗ ಹಾಕಿದ ಕೋಣೆಯ ಮುಂದೆ ನಿಂತು ಮರಿಗಳೆಲ್ಲಿ ಎಂದು ಕೇಳಿದರು. ಅಧ್ಯಕ್ಷೆ ನನ್ನ ಕಡೆ ಕೈ ತೋರಿಸಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. ಅವರು ಹಾಗೆ ಮಾಡದೆ, ಮನೆಮನೆಯಲ್ಲಿವೆ, ನಾವೇ ಬೇಗ ಹಂಚಿದೆವು, ನಡೆದು ನೋಡಬೇಕು ಎಂದರು. "ನಾವೇ" ಎಂದರು. ಅಧಿಕಾರಿಗಳು ಎರಡು ಮನೆ ನಡೆದು, ಬಿಸಿಲಿಗೆ ಸುಸ್ತಾಗಿ ಜೀಪು ಹತ್ತಿದರು. ಫೋಟೋ ತೆಗೆಯಲಿಲ್ಲ.

ಆ ಮಂಡಳಿಯಲ್ಲಿ ಇನ್ನೂ ಮೂರು ವರ್ಷ ಕೆಲಸ ಮಾಡಿದೆ. ಮುಂದಿನ ಮರಿಗಳನ್ನು ಮೊದಲ ದಿನದಿಂದಲೇ ಮನೆಗಳಿಗೆ ಕೊಟ್ಟೆವು, ಮನೆಗೆ ಹದಿನೈದರಂತೆ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಮನೆಗೆ ತಿರುಗುತ್ತಿದ್ದೆ. ಕೂರಲು ಒಂದು ಕೋಣೆ ಕೊನೆಯವರೆಗೂ ಸಿಗಲಿಲ್ಲ. ಅಧ್ಯಕ್ಷೆ ಸಭೆಗಳನ್ನು ಮರದ ಕೆಳಗೆ ನಡೆಸಿದರು. ಆ ದಿನದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರಿಗಳನ್ನು ಹಂಚಿದ್ದು ಸರಿ ಎಂದೇ ಈಗಲೂ ಅನ್ನುತ್ತೇನೆ. ಆದರೆ ಅಂದು ಎರಡು ಗಂಟೆಗೆ ಬಾಗಿಲು ತೆರೆದಾಗ ಅಧ್ಯಕ್ಷೆಯ ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಆ ನಾಲ್ಕು ಗಂಟೆಯಲ್ಲಿ ಎಷ್ಟು ಮರಿ ಸಾಯುತ್ತಿದ್ದವೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು, ಹೆಚ್ಚೆಂದರೆ ಎರಡು. ಕಾದಿದ್ದರೆ ಅವರು ಬೇಡ ಎನ್ನುತ್ತಿದ್ದರು, ನಾನು ಕೋಣೆಯ ವಿಷಯ ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಆಮೇಲೂ ನಾನು ಹಂಚುತ್ತಿದ್ದೆನೇನೋ. ಆದರೆ ಅವರಿಗೆ ತಿಳಿದು, ಅವರ ಎದುರಿಗೆ.

ನಾಲ್ಕು ಗಂಟೆ ಕೂತು ಕಾಯುವುದು ನನ್ನಿಂದ ಆಗಲಿಲ್ಲ.